ಮಣಿಕಟ್ಟಿನ ಬೆನ್ನು

"ಸರ್, ಚೆಂಡು ಬೌಲರ್ ಕೈಯಿಂದ ಹೊರಡುವ ಮೊದಲೇ ಅದು ಯಾವ ಎಸೆತ ಎಂದು ತಿಳಿಯುವುದು ಹೇಗೆ?"

ಅಭ್ಯಾಸ ಮುಗಿದ ಮೇಲೆ ನಿಖಿತಾ ಕೇಳಿದಳು. ಮರುದಿನ ಅವಳಿಗೆ ಆಯ್ಕೆಯ ಪಂದ್ಯವಿತ್ತು. ಕೋಚ್ ಪದ್ಮರಾಜ್ ಸರ್ ಸ್ಟಂಪುಗಳನ್ನು ಕಿತ್ತು ಚೀಲಕ್ಕೆ ಹಾಕುತ್ತಿದ್ದರು. ಚೀಲವನ್ನು ಅಲ್ಲೇ ಬಿಟ್ಟು ಅವಳ ಎದುರಿಗೆ ಕುಳಿತು ಹೇಳತೊಡಗಿದರು.

ಒಬ್ಬ ಬ್ಯಾಟ್ಸ್‌ಮನ್ ಇದ್ದ. ಬೌಲರ್‌ಗಳನ್ನು ಓದುವುದರಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು. ವೇಗದ ಬೌಲರ್ ಓಡಿ ಬರುವಾಗ ಚೆಂಡಿನ ಹೊಳೆಯುವ ಮಗ್ಗುಲು ಯಾವ ಕಡೆಗಿದೆ ಎಂದು ನೋಡಿ, ಚೆಂಡು ಒಳಕ್ಕೆ ಬರುತ್ತದೋ ಹೊರಕ್ಕೆ ಹೋಗುತ್ತದೋ ಹೇಳುತ್ತಿದ್ದ. ಆಫ್ ಸ್ಪಿನ್ನರ್ ಬೆರಳಿನಿಂದ ತಿರುಗಿಸುವ ಚೆಂಡು ಅವನಿಗೆ ಸಲೀಸು. ಮಣಿಕಟ್ಟಿನಿಂದ ತಿರುಗಿಸುವ ಲೆಗ್ ಸ್ಪಿನ್ ಮಾತ್ರ ಒಲಿಯಲಿಲ್ಲ. ಹೊರಕ್ಕೆ ತಿರುಗಬೇಕಾದ ಚೆಂಡು ಅದೇ ಓಟದಲ್ಲಿ, ಅದೇ ತೋಳಿನಿಂದ ಬಂದು ಒಮ್ಮೊಮ್ಮೆ ಒಳಕ್ಕೆ ನುಗ್ಗುತ್ತಿತ್ತು. ಅದೇ ಗೂಗ್ಲಿ. ಅದಕ್ಕೆ ಅವನು ಎಷ್ಟೋ ಸಲ ಔಟಾಗಿದ್ದ.

ವಯಸ್ಸು ಮೀರುತ್ತಿತ್ತು. ಆ ವರ್ಷದ ಕೊನೆಯ ಪಂದ್ಯ ನೋಡಲು ರಾಜ್ಯ ತಂಡದ ಆಯ್ಕೆಗಾರರು ಬರುವವರಿದ್ದರು. ಎದುರಾಳಿ ತಂಡದಲ್ಲಿ ಒಬ್ಬ ಲೆಗ್ ಸ್ಪಿನ್ನರ್ ಇದ್ದ. ಅವನ ಗೂಗ್ಲಿಯನ್ನು ಗುರುತಿಸಿದವರೇ ಇಲ್ಲ ಎಂಬ ಮಾತಿತ್ತು. ಅದನ್ನು ಕೇಳಿದಂದಿನಿಂದ ಬ್ಯಾಟ್ಸ್‌ಮನ್‌ಗೆ ಊಟ ಸೇರಲಿಲ್ಲ. ಹೆಂಡತಿ ರೊಟ್ಟಿ ಮಗುಚುವಾಗಲೂ ಅವನ ಕಣ್ಣು ಅವಳ ಮಣಿಕಟ್ಟಿನ ಮೇಲೆಯೇ ಇರುತ್ತಿತ್ತು. ಕೊನೆಗೆ ಅವಳೇ, ಇಷ್ಟು ಹೆದರುವ ಬದಲು ಹೋಗಿ ಆ ಮನುಷ್ಯನನ್ನೇ ಕೇಳಬಾರದೇ ಎಂದಳು.

ನಾಚಿಕೆ ಬಿಟ್ಟು ಬಸ್ಸು ಹತ್ತಿ ಹೋದ. ಲೆಗ್ ಸ್ಪಿನ್ನರ್ ಅವನನ್ನು ಕೂರಿಸಿ ಚಹಾ ಕೊಟ್ಟ. ಆಮೇಲೆ ಮನೆಯ ಹಿಂದಿನ ಬಯಲಿಗೆ ಕರೆದೊಯ್ದು ಎಲ್ಲವನ್ನೂ ತೋರಿಸಿದ. ಹೊರಕ್ಕೆ ತಿರುಗುವ ಲೆಗ್ ಬ್ರೇಕ್ ಹಾಕುವಾಗ ಮಣಿಕಟ್ಟು ಹೇಗಿರುತ್ತದೆ, ಗೂಗ್ಲಿ ಹಾಕುವಾಗ ಕೈಯ ಬೆನ್ನು ಹೇಗೆ ಬ್ಯಾಟ್ಸ್‌ಮನ್ ಕಡೆಗೆ ತಿರುಗುತ್ತದೆ ಎಂದು ನಿಧಾನವಾಗಿ, ಮತ್ತೆ ಮತ್ತೆ ಹಾಕಿ ತೋರಿಸಿದ. ಸಂಜೆಯ ಹೊತ್ತಿಗೆ ಬ್ಯಾಟ್ಸ್‌ಮನ್ ಒಂದನ್ನೂ ತಪ್ಪದೆ ಗುರುತಿಸುತ್ತಿದ್ದ.

ಹಿಂದಿರುಗುವ ಬಸ್ಸಿನಲ್ಲಿ ಅವನಿಗೆ ಮೊದಲು ಖುಷಿಯಾಯಿತು. ಅರ್ಧ ದಾರಿಯಲ್ಲಿ ಅನುಮಾನ ಹುಟ್ಟಿತು. ಎದುರಾಳಿ ತನ್ನ ಗುಟ್ಟನ್ನು ಯಾಕೆ ಬಿಟ್ಟುಕೊಟ್ಟ? ಇದು ಗುಟ್ಟೇ ಅಲ್ಲದಿದ್ದರೆ? ಪಂದ್ಯದ ದಿನ ಬೇರೇನನ್ನೋ ಹಾಕುವುದಕ್ಕೇ ಇದನ್ನು ತೋರಿಸಿದ್ದರೆ? ಪಂದ್ಯದವರೆಗೂ ಆ ಯೋಚನೆ ಅವನನ್ನು ಬಿಡಲಿಲ್ಲ.

ಪಂದ್ಯದಲ್ಲಿ ಲೆಗ್ ಸ್ಪಿನ್ನರ್ ಚೆಂಡು ಹಿಡಿದಾಗ ಬ್ಯಾಟ್ಸ್‌ಮನ್‌ನ ಕಣ್ಣು ಅವನ ಮಣಿಕಟ್ಟಿನ ಮೇಲಿತ್ತು. ಮೊದಲು ಲೆಗ್ ಬ್ರೇಕ್ ಬಂದಿತು, ತೋರಿಸಿದ ಹಾಗೆಯೇ. ಆಡದೆ ಬಿಟ್ಟ. ಮತ್ತೊಂದು ಬಂದಿತು, ಅದೂ ಹಾಗೆಯೇ. ಅದರ ಮುಂದಿನ ಎಸೆತಕ್ಕೆ ತೋಳು ಮೇಲೇರಿದಾಗ ಕೈಯ ಬೆನ್ನು ಅವನಿಗೆ ಸ್ಪಷ್ಟವಾಗಿ ಕಂಡಿತು. ಗೂಗ್ಲಿ ಎಂದು ಕಣ್ಣು ಹೇಳಿತು. ಇಷ್ಟು ಸುಲಭವಾಗಿ ಕಾಣಲು ಬಿಡುವನೇ, ಇದೇ ಮೋಸ ಎಂದು ಮನಸ್ಸು ಹೇಳಿತು. ಚೆಂಡು ಹೊರಕ್ಕೆ ತಿರುಗುತ್ತದೆ ಎಂದುಕೊಂಡು ಬ್ಯಾಟು ಚಾಚಿದ. ಚೆಂಡು ಒಳಕ್ಕೆ ಬಂದು, ಬ್ಯಾಟಿಗೂ ಪ್ಯಾಡಿಗೂ ನಡುವೆ ನುಸುಳಿ ಸ್ಟಂಪು ಉರುಳಿಸಿತು.

ಆಯ್ಕೆಗಾರರು ಎದ್ದು ಹೋದರು. ಆಟ ಮುಗಿದ ಮೇಲೆ ಬ್ಯಾಟ್ಸ್‌ಮನ್ ಲೆಗ್ ಸ್ಪಿನ್ನರ್ ಬಳಿಗೆ ಹೋದ.

"ಅವತ್ತು ತೋರಿಸಿದ್ದನ್ನೇ ಹಾಕಿದಿರಾ?"

"ಅದನ್ನೇ ಹಾಕಿದೆ. ನನಗೆ ಬರುವುದು ಅಷ್ಟೇ."

ಮತ್ತೆ ಯಾಕೆ ತೋರಿಸಿದಿರಿ ಎಂದು ಬ್ಯಾಟ್ಸ್‌ಮನ್ ಕೇಳಿದ. ಲೆಗ್ ಸ್ಪಿನ್ನರ್ ತನ್ನ ಬೆರಳುಗಳನ್ನು ನೀವಿಕೊಂಡ. ಅಷ್ಟು ದೂರದಿಂದ ಕೇಳಿಕೊಂಡು ಬಂದವನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ ಎಂದ. ತೋರಿಸಿಕೊಟ್ಟ ಮೇಲೆ ನನಗೂ ಹೆದರಿಕೆಯಾಯಿತು, ಇವತ್ತು ನನ್ನ ಒಂದೊಂದು ಚೆಂಡನ್ನೂ ಮೈದಾನದಾಚೆಗೆ ಹೊಡೆಯುತ್ತೀರಿ ಎಂದುಕೊಂಡೇ ಬೌಲಿಂಗಿಗೆ ಬಂದೆ ಎಂದ. ಬ್ಯಾಟ್ಸ್‌ಮನ್ ಕಿಟ್ ಎತ್ತಿಕೊಂಡು ಹೊರಟ. ಅವನು ಮತ್ತೆ ಆಯ್ಕೆಗಾರರ ಮುಂದೆ ಆಡಲಿಲ್ಲ.

ಪದ್ಮರಾಜ್ ಸರ್ ಇಷ್ಟು ಹೇಳಿ ನಿಲ್ಲಿಸಿದರು. ನಿಖಿತಾಳ ಮುಖದ ಕಳವಳ ಹೋಗಿರಲಿಲ್ಲ.

"ಅವರಿಗೆ ಚೆಂಡು ಗೊತ್ತಾಗಿತ್ತಲ್ಲ ಸರ್, ಮತ್ತೇನು ಗೊತ್ತಿರಬೇಕಿತ್ತು?"

"ಎಲ್ಲ ಬಗೆಯ ಬೌಲಿಂಗ್ ಕಲಿತಿದ್ದ ಅವನು, ಎದುರಿಗಿದ್ದ ಮನುಷ್ಯ ನಿಜವನ್ನೂ ಹೇಳಿರಬಹುದು ಎಂಬುದೊಂದನ್ನು ಕಲಿತಿರಲಿಲ್ಲ."