ಅಳಿವೆಯ ಕಲ್ಲು

ಹೊಳೆ ಕಡಲು ಸೇರುವ ಅಳಿವೆಯಲ್ಲಿ ಬೇಸಿಗೆಗೆ ಉಪ್ಪು ಏರಿತು. ಕಡಲಿನಿಂದ ಬಂದ ನಕ್ಷತ್ರಮೀನೊಂದು ತಳದ ಕಲ್ಲಿನ ಮೇಲೆ ಕೂತು ಸಾರಿತು: “ಇನ್ನು ಉಪ್ಪು ಒಗ್ಗದವರು ಇಲ್ಲಿರಕೂಡದು.”

“ಆಗಲಿ ಸ್ವಾಮಿ,” ಎಂದಿತು ಕೆಸರಿನಲ್ಲಿದ್ದ ಬಳಚು ಚಿಪ್ಪಿ. “ಆದರೆ ಮಳೆ ಹಿಡಿಯುವ ಮೊದಲು ತಾವು ಕಡಲಿಗೆ ಮರಳುವುದು ಒಳ್ಳೆಯದು.”

“ನಾನು ಕೂತಲ್ಲೇ ಕಡಲು!”

ಆಷಾಢದಲ್ಲಿ ಹೊಳೆಯ ಕೆಂಪು ನೀರು ನುಗ್ಗಿ ಬಂದು ಉಪ್ಪನ್ನೆಲ್ಲ ತೊಳೆಯಿತು. ಬಳಚು ಚಿಪ್ಪು ಮುಚ್ಚಿಕೊಂಡಿತು. ನಕ್ಷತ್ರಮೀನಿಗೆ ಮುಚ್ಚಿಕೊಳ್ಳಲು ಚಿಪ್ಪಿರಲಿಲ್ಲ. ಮೂರನೇ ದಿನ ಸತ್ತಿತು.

ಬಳಚು ಮತ್ತೆ ಚಿಪ್ಪು ತೆರೆದಾಗ ಆ ಕಲ್ಲಿನ ಮೇಲೆ ಹೊಳೆಯ ಬಸವನಹುಳು ಕೂತಿತ್ತು. “ಇನ್ನು ಉಪ್ಪು ಬೇಕೆನ್ನುವವರು ಇಲ್ಲಿರಕೂಡದು,” ಎಂದಿತು.

“ಆಗಲಿ ಸ್ವಾಮಿ,” ಎಂದಿತು ಬಳಚು. “ಹಿಂದಿನ ಯಜಮಾನರೂ ಅದೇ ಕಲ್ಲಿನ ಮೇಲೆ ಕೂತಿದ್ದರು.”