ದುರುಗವ್ವನ ಕೈ

ಓಬಳ ಮೊದಲ ಸಲ ಹೇಳದೆ ಕೇಳದೆ ನಡೆದುಬಿಟ್ಟದ್ದು ಒಂದು ಬುಧವಾರ. ಅವತ್ತು ಏಳನೇ ಕ್ಲಾಸಿನ ಗಣಿತ ಪರೀಕ್ಷೆ. ಶಾಲೆಯ ದಾರಿಯಲ್ಲಿ, ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಯಾರೋ ಪಿಟೀಲು ನುಡಿಸುತ್ತಿದ್ದರು. ಬಸ್ಸು ಬಂತು. ಪಿಟೀಲಿನವರು ಹತ್ತಿದರು. ಅವರ ಹಿಂದೆ ಓಬಳನೂ ಹತ್ತಿದ. ಪರೀಕ್ಷೆಗೆಂದು ಒಯ್ದಿದ್ದ ಅಳತೆಪಟ್ಟಿ ಮಾತ್ರ ಬಹಳ ದಿನ ಅವನ ಜೊತೆಗಿತ್ತು.

ಆ ಪಿಟೀಲಿನವರು ಹರಿಕಥೆಗೆ ನುಡಿಸುವ ತಿಪ್ಪಯ್ಯ. ಓಬಳ ಅವರ ಹಿಂದೆ ಮೂರು ವರ್ಷ ಅಲೆದ. ಆಮೇಲೆ ನಾಟಕ ಕಂಪನಿಯ ಇಮಾಮ್ ಸಾಬರ ಹಿಂದೆ ನಾಲ್ಕು ವರ್ಷ. ಆಮೇಲೆ ಮದುವೆ ಮನೆ, ಸೀಮಂತದ ಮನೆಗಳಲ್ಲಿ ನುಡಿಸುತ್ತಿದ್ದ ದುರುಗವ್ವನ ಹತ್ತಿರ ಎರಡು ವರ್ಷ.

ಯಾರಿಗೂ ಹೇಳಿ ಹೋದವನಲ್ಲ. ದಾರಿಯ ಬಿಸಿಲಿಗೆ ತಂತಿ ಹರಿಯಬಾರದೆಂದು ಹಿಂದಿನ ಸಂಜೆ ಬಿರಡೆ ತಿರುಗಿಸಿ ಸಡಿಲ ಮಾಡುವುದು, ಬೆಳಿಗ್ಗೆ ಗಂಟು ಹೊತ್ತು ನಡೆಯುವುದು. ಅಷ್ಟೇ.

ಈಗ ಒಂದು ವರ್ಷದಿಂದ ಹೊಳೆದಂಡೆಯ ಮಂಟಪದಲ್ಲಿ ಮರುಳಯ್ಯನವರ ಬಳಿ ಇದ್ದ. ಆ ಸೀಮೆಯ ಪಿಟೀಲಿನವರಿಗೆಲ್ಲ ಮರುಳಯ್ಯ ಹಿರಿಯರು. ಹಿರಿಯರು ಹೌದು, ಆದರೆ ಒಂದು ವರ್ಷದಲ್ಲಿ ಅವರು ಓಬಳನಿಗೆ ಕಲಿಸಿದ್ದು ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ಮಾತ್ರ.

ಒಂದು ಬೆಳಿಗ್ಗೆ ದುರುಗವ್ವನ ಮಗಳು ಸಣ್ಣೀರವ್ವ ಮೆಟ್ಟಿಲಿಳಿದು ಬಂದಳು. ದೂರದ ಊರಿಗೆ ಮದುವೆಯಾಗಿ ಹೋದವಳು. ಕಂಕುಳಲ್ಲಿ ಹಳೇ ಸೀರೆಯಲ್ಲಿ ಸುತ್ತಿದ ಪಿಟೀಲು.

"ಅವ್ವ ಹೋದಳು ಅಯ್ಯಾ. ಮೂರು ದಿನ ಆಯ್ತು."

ಮರುಳಯ್ಯ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು ಕಂಬದ ಗೂಟಕ್ಕೆ ನೇತುಹಾಕಿದರು.

ಆ ಸೀಮೆಯ ಪಿಟೀಲಿನವರಲ್ಲಿ ಒಂದು ಪದ್ಧತಿ ಇತ್ತು. ಒಬ್ಬೊಬ್ಬರು ನುಡಿಸುವ ರೀತಿಗೆ ಅವರು 'ಕೈ' ಅನ್ನುವರು. ಒಬ್ಬರು ತೀರಿಕೊಂಡರೆ ಹನ್ನೊಂದನೆಯ ದಿನ ಉಳಿದವರು ಮಂಟಪದಲ್ಲಿ ಸೇರುವರು. ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ ಕೂರುವರು. ತೀರಿಕೊಂಡವರ ಹತ್ತಿರ ಕಲಿತವರು ಅವರದೇ ಪಿಟೀಲಿನಲ್ಲಿ ನುಡಿಸಬೇಕು. ಕೂತವರಲ್ಲಿ ಒಬ್ಬರಾದರೂ "ಅವರೇ" ಅಂದರೆ ಆ ಕೈ ಉಳಿಯಿತು. ಯಾರೂ ಅನ್ನದಿದ್ದರೆ ತಂತಿ ಬಿಚ್ಚಿ ಪಿಟೀಲನ್ನು ಹೊಳೆಗೆ ಬಿಡುವರು.

ದುರುಗವ್ವನ ಹತ್ತಿರ ಕಲಿತವನು ಓಬಳ ಒಬ್ಬನೇ.



"ಇನ್ನೂ ಎಂಟು ದಿನ ಇದೆ," ಅಂದರು ಮರುಳಯ್ಯ, ಮೊರದಿಂದ ಕಣ್ಣೆತ್ತದೆ.

ಅವತ್ತಿನಿಂದ ಓಬಳನ ಕಮಾನಿಗೆ ಬಿಡುವಿಲ್ಲ.

ದುರುಗವ್ವನ ಕೈ ಅವನಿಗೆ ಗೊತ್ತಿಲ್ಲದ್ದೇನಲ್ಲ. ಕಮಾನನ್ನು ಆಕೆ ನಾಲ್ಕು ಬೆರಳಗಲಕ್ಕಿಂತ ಹೆಚ್ಚು ಎಳೆದವಳಲ್ಲ. ಪಕ್ಕದಲ್ಲಿ ಕೂತು ಆ ಅಳತೆಪಟ್ಟಿಯಲ್ಲೇ ಅವನು ಒಮ್ಮೆ ಕದ್ದು ಅಳೆದಿದ್ದ. ಇನ್ನೊಂದು, ಯಾವ ಹಾಡೇ ಆಗಲಿ ಅದರ ಕೊನೆಯ ಸ್ವರವನ್ನು ಆಕೆ ನುಡಿಸುತ್ತಲೇ ಇರಲಿಲ್ಲ. ಅದಕ್ಕೆ ಮುಂಚೆಯೇ ಕಮಾನು ಎತ್ತಿ, ತಲೆ ವಾಲಿಸಿ, ಎದುರಿಗಿದ್ದವರ ಮುಖ ನೋಡುವಳು.

ಓಬಳ ಎಲ್ಲವನ್ನೂ ಹಾಗೆಯೇ ನುಡಿಸಿದ. ಕಮಾನು ಎತ್ತಿದ. ತಲೆಯನ್ನೂ ವಾಲಿಸಿದ.

"ಇದು ಯಾರ ಕೈ ಅಯ್ಯಾ, ಹೇಳಿ?"

"ಓಬಳ ಅಂತ ಒಬ್ಬ ಇದ್ದಾನೆ. ದುರುಗವ್ವನ ಸೀರೆ ಉಟ್ಕೊಂಡು ಕೂತಿದ್ದಾನೆ."

"ಎಲ್ಲಿ ತಪ್ಪಾಯ್ತು?"

"ತಪ್ಪೆಲ್ಲಿದೆ? ಅವಳಾದ್ರೂ ಅಲ್ಲೊಂದು ಇಲ್ಲೊಂದು ತಪ್ಪೋಳು."

ಓಬಳ ಮತ್ತೆ ನುಡಿಸಿದ. ಮರುದಿನವೂ ನುಡಿಸಿದ. ಊಟಕ್ಕೆ ಕೂತರೂ ಗೂಟದಲ್ಲಿ ತೂಗುವ ಆ ಸೀರೆಯ ಗಂಟಿನ ಕಡೆಗೇ ಕಣ್ಣು ಹೋಗುವುದು.

ಐದನೆಯ ದಿನ ಮರುಳಯ್ಯ ಹರಿಗೋಲು ಹತ್ತಿ ಆಚೆ ದಡಕ್ಕೆ ಹೋದರು. ಅಲ್ಲಿಂದ ಕೈ ಬೀಸಿ ಕೂಗಿದರು, "ತಿಪ್ಪಯ್ಯನ ಕೈ ನುಡಿಸೋ!"

ಓಬಳ ನುಡಿಸಿದ. ತಿಪ್ಪಯ್ಯ ಕಮಾನನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ಉಸಿರಿಗೆ ಎಳೆಯುವವರು. ನಾದ ನೀರಿನ ಮೇಲೆ ನೆಟ್ಟಗೆ ಹೋಯಿತು. ಆಚೆ ದಡದಲ್ಲಿ ಮರುಳಯ್ಯ ತಲೆದೂಗುವುದು ಕಂಡಿತು.

"ಈಗ ಅವಳ್ದು!"

ಓಬಳ ದುರುಗವ್ವನ ಕೈ ನುಡಿಸಿದ. ಮರುಳಯ್ಯ ಅಲ್ಲಾಡಲಿಲ್ಲ. ನುಡಿಸಿ ಮುಗಿದ ಮೇಲೂ ಹಾಗೇ ನಿಂತಿದ್ದರು, ಇನ್ನೂ ಶುರುವಾಗಿಲ್ಲವೇನೋ ಅನ್ನುವಂತೆ.

ಹರಿಗೋಲು ಈಚೆಗೆ ಬಂದಾಗ ಓಬಳ ಮೊಣಕಾಲುದ್ದ ನೀರಿಗಿಳಿದು ಕೇಳಿದ, "ಕೇಳಿಸಲಿಲ್ವಾ ಅಯ್ಯಾ?"

"ತಿಪ್ಪಯ್ಯ ಸಣ್ಣವನಿದ್ದಾಗ ದನ ಕಾಯ್ತಿದ್ದ. ಅವನ ತಮ್ಮ ಕೆರೆ ಆಚೆ ದಂಡೇಲಿ ಕುರಿ ಕಾಯ್ತಿದ್ದ. ಆ ತಮ್ಮನಿಗೆ ಕೇಳಿಸ್ಬೇಕಿತ್ತು."

"ಇಮಾಮ್ ಸಾಬರು ಎರಡು ತಂತಿ ಒಟ್ಟಿಗೇ ನುಡಿಸ್ತಾರಲ್ಲ?"

"ನಾಟಕದ ಕೊಟ್ಟಿಗೆಗೆ ತಗಡಿನ ಚಾವಣಿ. ಮಳೆ ಬಂದ್ರೆ ಒಂದು ತಂತಿ ಯಾವನಿಗೆ ಕೇಳುತ್ತೆ?"

"ಮತ್ತೆ ದುರುಗವ್ವ? ಆಕೆಗೆ ಯಾರಿಗೆ ಕೇಳಿಸ್ಬೇಕಿತ್ತು?"

"ಎರಡು ವರ್ಷ ಪಕ್ಕದಲ್ಲಿ ಕೂತವನು ನೀನು. ನನ್ನ ಕೇಳ್ತೀಯಲ್ಲ!"

ಓಬಳ ಕಂಬಕ್ಕೊರಗಿ ಕೂತ. ಮರುಳಯ್ಯ ಮೊರ ಹಿಡಿದು ಕೂತು ಕೇಳಿದರು, "ಅವಳನ್ನ ಯಾಕೋ ಬಿಟ್ಟುಬಂದೆ?"

"ನನ್ನ ಹಂಗಿಸೋಳು, ಅಯ್ಯಾ. ಒಂದೊಂದು ಹಾಡಿಗೂ ಕಮಾನು ಎತ್ತಿ ನನ್ನ ಮುಖ ನೋಡೋಳು. ನಾನು ಭೇಷ್ ಅನ್ನೋನು. 'ಮಲಗಿಬಿಟ್ಯೇನೋ?' ಅನ್ನೋಳು. ರೆಪ್ಪೆ ಬಡಿಯದೆ ಬೆರಳು ನೋಡ್ತಾ ಕೂತವನಿಗೆ ಮಲಗಿದ್ಯೇನೋ ಅಂದ್ರೆ? ಎಷ್ಟು ದಿನ ಅಂತ ಅನ್ನಿಸ್ಕೊಳ್ಳೋದು?"

ಮರುಳಯ್ಯ ನಕ್ಕರು. ಮೊರದಿಂದ ಅಕ್ಕಿ ಚೆಲ್ಲುವಷ್ಟು ನಕ್ಕರು. ನಗುತ್ತಾ ನಗುತ್ತಾ ಅವರ ಕಣ್ಣಲ್ಲಿ ನೀರು ಬಂತು. ಆ ನೀರು ನಗುವಿನದಲ್ಲ ಎಂದು ಓಬಳನಿಗೆ ಅನುಮಾನವಾಯಿತು.

"ಅಯ್ಯಾ, ಏನು ಅಂತ ಹೇಳಿ."

"ಚೆಲ್ಲಿದ ಅಕ್ಕಿ ಆರಿಸು," ಅಂದರು ಮರುಳಯ್ಯ.

ಹತ್ತನೆಯ ದಿನ ಸಂಜೆ ಓಬಳ ತನ್ನ ಪಿಟೀಲು ತೆಗೆದ. ಒಂದೊಂದೇ ಬಿರಡೆ ತಿರುಗಿಸಿ ತಂತಿ ಸಡಿಲಿಸಿದ. ನಾಳೆ ಬೆಳಕು ಹರಿಯುವ ಮುಂಚೆ ಹರಿಗೋಲಿನವನನ್ನು ಎಬ್ಬಿಸಿದರೆ ಆಯಿತು. ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಮರುಳಯ್ಯ ಹೊಳೆಯಿಂದ ಬಂದವರು ಒದ್ದೆ ಬೆರಳಿನಲ್ಲಿ ಆ ತಂತಿಯನ್ನು ಮೀಟಿದರು. ಡೊಬ್ಬ್ ಎಂದಿತು.

"ಹೊರಟ್ಯಾ?"

ಓಬಳ ಪಿಟೀಲನ್ನು ಗಂಟಿನ ಪಕ್ಕಕ್ಕಿಟ್ಟ.

"ಹೋಗು. ನಿನ್ನ ತಂತಿ ಇಳಿಸಿದ್ದೀಯ. ಅವಳ್ದನ್ನೂ ಇಳಿಸಿಟ್ಟು ಹೋಗಿಬಿಡು. ನಾಳೆ ಮುದುಕರಿಗೆ ಅಷ್ಟು ಕೆಲಸ ತಪ್ಪುತ್ತೆ."

ಓಬಳ ಎದ್ದು ಗೂಟದ ಹತ್ತಿರ ಹೋದ. ಸೀರೆ ಬಿಡಿಸಿದ. ದುರುಗವ್ವನ ಪಿಟೀಲಿನ ಮೊದಲ ಬಿರಡೆಗೆ ಕೈ ಹಚ್ಚಿದ. ಬಿರಡೆಯ ಒಂದು ಮಗ್ಗುಲು ಆಕೆಯ ಹೆಬ್ಬೆರಳಿಗೆ ಸವೆದು ನುಣ್ಣಗಾಗಿತ್ತು. ತಿರುಗಿಸಲು ಅವನ ಕೈ ಬರಲಿಲ್ಲ. ಸಂಜೆ ಕಪ್ಪಾಗುವವರೆಗೂ ಹಾಗೇ ನಿಂತಿದ್ದ.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಸಣ್ಣೀರವ್ವ ಬಂದಳು. ರೊಟ್ಟಿ ತಂದಿದ್ದಳು. ಓಬಳ ರೊಟ್ಟಿ ಮುರಿದವನು ಬಾಯಿಗಿಡದೆ ಕೇಳಿದ.

"ಅಕ್ಕಾ, ನಿಮ್ಮವ್ವ ಪಿಟೀಲು ಯಾರಿಗೋಸ್ಕರ ನುಡಿಸ್ತಿದ್ಳು?"

"ಇದೇನು ಕೇಳ್ತೀಯೋ? ನನಗೆ."

"ನಿನಗಾ?"

"ನಾನು ಭಾರೀ ರಚ್ಚೆ ಹಿಡಿಯೋ ಕೂಸಂತೆ. ಅವ್ವನಿಗೆ ಹಾಡೋಕೆ ಗಂಟಲಿಲ್ಲ. ಮನೇಲಿ ಅಜ್ಜನ ಪಿಟೀಲಿತ್ತು, ಅದನ್ನೇ ಹಿಡಿದಳು. ಬಲ ತೊಡೆ ಮೇಲೆ ನಾನು, ಮೊಳಕೈ ಸಂದೀಲಿ ನನ್ನ ತಲೆ. ಕಮಾನು ಉದ್ದ ಎಳೆದ್ರೆ ತಲೆ ಜಾರೋದು. ಆಮೇಲೆ ನಾನು ಬೆಳೆದೆ, ಮದುವೆ ಆಗಿ ಹೋದೆ. ಅವ್ವನ ಮೊಳಕೈ ಮಾತ್ರ ಹಂಗೇ ಉಳೀತು."

"ಮತ್ತೆ ಆ ಕೊನೇ ಸ್ವರ?"

ಸಣ್ಣೀರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅದು ನಂದು. ಅವ್ವ ಅಲ್ಲಿ ನಿಲ್ಸಿ ನನ್ನ ಮುಖ ನೋಡೋಳು. ಎದ್ದಿದ್ರೆ ನಾನು ಊಂ ಅಂತ ಆ ಸ್ವರ ಹಿಡೀತಿದ್ದೆ. ಸುಮ್ಮನಿದ್ರೆ, ಮಲಗಿದೆ ಅಂತ. ಪಿಟೀಲು ಕೆಳಗಿಡೋಳು."

ಓಬಳನ ಕೈಯಲ್ಲಿ ರೊಟ್ಟಿ ಹಾಗೇ ಉಳಿಯಿತು.

ಎರಡು ವರ್ಷ. ದಿನಕ್ಕೆ ಹತ್ತು ಹಾಡಾದರೂ ಆಯಿತು. ಅಷ್ಟು ಸಲ ಆಕೆ ಕೊನೆಯ ಸ್ವರವನ್ನು ಅವನಿಗೆಂದು ಬಿಟ್ಟು, ತಲೆ ವಾಲಿಸಿ ಕಾದಿದ್ದಳು. ಅಷ್ಟು ಸಲವೂ ಅವನು ಭೇಷ್ ಅಂದಿದ್ದ.

ಹೊತ್ತು ಏರುತ್ತಿದ್ದಂತೆ ಪಿಟೀಲಿನವರು ಬಂದರು. ಮರುಳಯ್ಯನವರೂ ಸೇರಿ ಏಳು ಜನ. ಇಮಾಮ್ ಸಾಬರು ಓಬಳನನ್ನು ನೋಡಿದ್ದೇ ಕೈಯೆತ್ತಿದರು.

"ಸಲಾಂ, ಓಡಿಹೋದ ಉಸ್ತಾದರೇ! ನಿನ್ನ ಪಿಟೀಲಿನ ತಂತಿ ಜೋತು ಬಿದ್ದಿದ್ದು ನೋಡಿ ಅವತ್ತೇ ಅಂದ್ಕೊಂಡೆ, ಹಕ್ಕಿ ಹಾರ್ತದೆ ಅಂತ. ಇವತ್ತಾದ್ರೂ ನುಡಿಸಿ ಹೋಗ್ತೀಯೋ, ಇಲ್ಲ ಅರ್ಧಕ್ಕೇ ಎದ್ದು ಹೋಗ್ತೀಯೋ?"

ಎಲ್ಲರೂ ನಕ್ಕರು. ತಿಪ್ಪಯ್ಯ ಕೋಲೂರಿಕೊಂಡು ನಿಧಾನಕ್ಕೆ ಬಂದು, ಅವನ ಮುಖವನ್ನು ಹತ್ತಿರದಿಂದ ನೋಡಿದರು.

"ಆ ಅಳತೆಪಟ್ಟಿ ಇನ್ನೂ ಇದೆಯೇನಪ್ಪಾ?"

"ಇಲ್ಲ, ಕಳೆದುಹೋಯ್ತು."

"ಒಳ್ಳೇದಾಯ್ತು," ಅಂದು ಅವರು ಬೆನ್ನು ತಿರುಗಿಸಿ ಕೂತರು.

ಏಳು ಬೆನ್ನುಗಳು. ಆ ಕಡೆಗೆ ಹೊಳೆ. ಓಬಳ ಬಲಗಾಲು ಚಾಚಿ ಕೂತು ದುರುಗವ್ವನ ಪಿಟೀಲನ್ನು ಎದೆಗೆ ಆನಿಸಿದ. ಅಂಗೈ ಬೆವೆತು ಕಮಾನು ಜಾರುತ್ತಿತ್ತು. ಒಂದು ಕ್ಷಣ ಕಮಾನನ್ನು ಕೆಳಗಿಟ್ಟ. ಆಕೆಯ ಹಳೇ ಸೀರೆಯನ್ನು ಮಡಿಸಿ, ಸುತ್ತಿ, ತೊಡೆಯ ಮೇಲಿಟ್ಟು, ಒಂದು ತುದಿಯನ್ನು ಮೊಳಕೈ ಸಂದಿಗೆ ಒರಗಿಸಿಕೊಂಡ.

ನುಡಿಸತೊಡಗಿದ. ಮೊದಲ ಎಳೆತವೇ ನಡುಗಿತು. ಒಂದು ಕಡೆ ಬೆರಳು ತಪ್ಪಿತು. ಇಮಾಮ್ ಸಾಬರ ಹೆಗಲು ಸಣ್ಣಗೆ ಅಲ್ಲಾಡಿದ್ದು ಕಂಡಿತು. ಓಬಳ ಬೆರಳು ನೋಡಲಿಲ್ಲ. ಸೀರೆಯ ಮಡಿಕೆ ಜಾರದ ಹಾಗೆ ನೋಡಿಕೊಳ್ಳುವುದರಲ್ಲೇ ಇದ್ದ.

ಹಾಡು ಕೊನೆಗೆ ಬಂತು. ಕಮಾನು ಎತ್ತಿದ. ಕಾದ.



ಹೊಳೆಯ ಸದ್ದು ಮಾತ್ರ. ಬೆವರಿನ ಹನಿಯೊಂದು ಕಿವಿಯ ಹಿಂದಿನಿಂದ ಕುತ್ತಿಗೆಗೆ ಇಳಿಯಿತು. ಕೊನೆಯ ಸ್ವರವನ್ನು ನುಡಿಸಿಬಿಡಲೇ ಅನ್ನಿಸಿತು. ನುಡಿಸಿ ಮುಗಿಸಿದರೆ ಈ ಕಾಯುವುದಾದರೂ ತಪ್ಪುತ್ತದೆ. ಕಮಾನು ತಂತಿಯ ಕಡೆಗೆ ಒಂದು ಕೂದಲೆಳೆಯಷ್ಟು ಇಳಿಯಿತು. ತಡೆದುಕೊಂಡ. ಇಮಾಮ್ ಸಾಬರು ಕೆಮ್ಮಿದರು. ಇನ್ಯಾರೋ ಏಳಲೆಂದು ನೆಲಕ್ಕೆ ಕೈ ಊರಿದರು.

ಆಗ ಕಂಬದ ಹಿಂದಿನಿಂದ ಬಂತು.

"ಊಂ..."

ಸಣ್ಣೀರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಾನು ದನಿ ತೆಗೆದದ್ದು ಅವಳಿಗೇ ಗೊತ್ತಿರಲಿಲ್ಲ.

ತಿಪ್ಪಯ್ಯ ಕಣ್ಣು ತೆರೆಯದೆ ಅಂದರು, "ಕೂಸು ಇನ್ನೂ ಎದ್ದಿದೆ." ಆಮೇಲೆ, "ಅವಳೇ."

"ಅವಳೇ," ಅಂದರು ಇಮಾಮ್ ಸಾಬರು.

ಮರುದಿನ ಸಣ್ಣೀರವ್ವ ಊರಿಗೆ ಹೊರಟಳು. ಪಿಟೀಲನ್ನು ಓಬಳನ ಕೈಗಿಟ್ಟಳು.

"ನಮ್ಮನೇಲಿದ್ರೆ ಗೋಡೆ ಮೇಲೆ ಹಲ್ಲಿಗೆ ಮನೆ ಆಗುತ್ತೆ. ನೀನೇ ತಗೊಂಡು ಹೋಗು. ಸೀರೆ ಮಾತ್ರ ನಂಗಿರಲಿ."

ಅವಳು ಹೋದ ಮೇಲೆ ಓಬಳ ಗಂಟು ಕಟ್ಟಿದ. ಎರಡು ಅಂಗಿ, ಒಂದು ತಟ್ಟೆ, ತನ್ನ ಪಿಟೀಲು, ದುರುಗವ್ವನ ಪಿಟೀಲು. ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ. ಮರುಳಯ್ಯನವರ ಮುಂದೆ ಬಂದು ನಿಂತ.

"ಅಯ್ಯಾ, ಹೊರಟೆ."

"ಹೇಳಿ ಹೋಗೋದನ್ನ ಯಾವಾಗ ಕಲಿತೆ?"

"ನಿನ್ನೆ."

"ಎಲ್ಲಿಗೆ?"

"ತಿಪ್ಪಯ್ಯನವರ ಹತ್ರ. ಮೂರು ವರ್ಷ ಅವರ ಹಿಂದೆ ಇದ್ದೆ. ಕೆರೆ ಆಚೆ ತಮ್ಮ ಇದ್ದದ್ದನ್ನ ನಿಮ್ಮ ಬಾಯಿಂದ ಕೇಳ್ಬೇಕಾಯ್ತು. ಇನ್ನೂ ಏನೇನು ಬಿಟ್ಟಿದ್ದೀನೋ. ನಿನ್ನೆ ಮೆಟ್ಟಿಲು ಹತ್ತುವಾಗ ನೋಡಿದ್ರಾ, ಮೂರು ಕಡೆ ನಿಂತರು. ಎಂಬತ್ತು ದಾಟಿದೆ ಅಯ್ಯಾ ಅವರಿಗೆ. ನಾನು ಮುಟ್ಟೋ ಹೊತ್ತಿಗೆ..."

ಮಾತು ಅಲ್ಲಿಗೇ ನಿಂತಿತು. ಓಬಳ ಗಂಟನ್ನು ಕೆಳಗಿಟ್ಟು ದುರುಗವ್ವನ ಪಿಟೀಲು ಹೊರತೆಗೆದ. ಹೊರಗೆ ಬಿಸಿಲು ಬಲಿತಿತ್ತು. ಅಭ್ಯಾಸಬಲದಿಂದ ಅವನ ಬೆರಳು ಬಿರಡೆಗೆ ಹೋಯಿತು.

ಮರುಳಯ್ಯ ಮೊರ ಪಕ್ಕಕ್ಕಿಟ್ಟು ಆ ಕೈಯನ್ನು ಹಿಡಿದುಕೊಂಡರು.

"ತಂತಿ ಇಳಿಸಬೇಡ. ದಾರೀಲಿ ಎಲ್ಲಿ ಯಾವ ಕೂಸು ಎದ್ದಿದೆಯೋ."