ಬೇವಿನ ಮರದ ಅಮೃತಬಳ್ಳಿ

ಅಮೃತಬಳ್ಳಿ ಕೊಯ್ಯುವ ಮೊದಲು ಅದರ ಬುಡದಲ್ಲಿ ನಿಂತು ರೋಗಿಯ ಹೆಸರು ಹೇಳಬೇಕು, ಆಮೇಲೆ ರೋಗದ ಹೆಸರು. ಅಷ್ಟಾದ ಮೇಲೆಯೇ ಕುಡುಗೋಲು ತಾಗಿಸಬೇಕು. ನಾಟಿ ವೈದ್ಯೆ ಕಲ್ಲವ್ವ ತನ್ನ ಶಿಷ್ಯೆ ಸಾವಂತ್ರವ್ವನಿಗೆ ಕಲಿಸಿದ ಮೊದಲ ಪಾಠ ಅದು.

"ಸುಮ್ಮಸುಮ್ಮನ ಯಾರ ಹೆಸರೂ ಹೇಳಬ್ಯಾಡ. ಅದು ಕೇಳಿಸ್ಕೋತೈತಿ" ಎಂದಿದ್ದಳು ಮುದುಕಿ.

ಸಾವಂತ್ರವ್ವ ಪಾಠ ಮರೆತವಳಲ್ಲ. ಆದರೆ ಅವಳ ಚೊಚ್ಚಲ ಮಗು ಜ್ವರದಲ್ಲಿ ತೀರಿಕೊಂಡಿತ್ತು. ಉಳಿದವಳು ನೀಲವ್ವ ಒಬ್ಬಳೇ. ಬಳ್ಳಿಯ ಕಷಾಯ ಜ್ವರ ಇಳಿಸುತ್ತದೆ, ರಕ್ತ ತಿಳಿ ಮಾಡುತ್ತದೆ, ಮೈ ಕಂದದಂತೆ ಕಾಯುತ್ತದೆ ಎಂದು ಎಲ್ಲರೂ ಹೇಳುವಾಗ, ರೋಗ ಬರುವವರೆಗೆ ಕಾಯುವುದೇಕೆ? ಹೆತ್ತ ಕರುಳಿಗೆ ಬುದ್ಧಿ ಹೇಳುವವರು ಯಾರು! ಒಂದು ಮುಂಜಾನೆ ಗುರುವಿನ ಕಣ್ಣು ತಪ್ಪಿಸಿ, ಬಳ್ಳಿ ಹಬ್ಬಿದ್ದ ಬೇವಿನ ಮರದ ಬಳಿ ಹೋದಳು. "ನೀಲವ್ವ" ಎಂದಷ್ಟೇ ಹೇಳಿ ಮಾರುದ್ದ ಬಳ್ಳಿ ಕೊಯ್ದು ತಂದಳು.

ದಿನಾ ಅದರದೊಂದು ತುಂಡು ಜಜ್ಜಿ ಕುದಿಸಿ ಹುಡುಗಿಗೆ ಕುಡಿಸಿದಳು. ಮಿಕ್ಕದ್ದನ್ನು ಗೂಟಕ್ಕೆ ತೂಗುಹಾಕಿದಳು. ಮಣ್ಣಿಲ್ಲ, ನೀರಿಲ್ಲ, ಆದರೂ ಬಳ್ಳಿ ಚಿಗುರಿತು. ದಾರದಂಥ ಬೇರೊಂದು ಅದರಿಂದ ಇಳಿಯತೊಡಗಿತು. ನೆಟ್ಟಗೆ ನೆಲಕ್ಕಲ್ಲ, ನೀಲವ್ವ ಮಲಗುವ ಕೌದಿಯ ಕಡೆಗೆ. ಸಾವಂತ್ರವ್ವ ಅದನ್ನು ಕತ್ತರಿಸಿದಳು. ಮರುದಿನ ಅದು ಇನ್ನಷ್ಟು ಉದ್ದವಾಗಿತ್ತು. ಕೌದಿಯನ್ನು ಬೇರೆ ಮೂಲೆಗೆ ಹಾಸಿದಳು. ಬೇರೂ ಆ ಮೂಲೆಗೆ ತಿರುಗಿತು.

ಅಷ್ಟರಲ್ಲಿ ಹುಡುಗಿ ರೊಟ್ಟಿ ಮುಟ್ಟುವುದನ್ನು ಬಿಟ್ಟಳು. ಕಣ್ಣುಗಳು ಅರಿಶಿನದ ಬಣ್ಣಕ್ಕೆ ತಿರುಗಿದವು. ಒಂದು ಬೆಳಿಗ್ಗೆ ನೋಡಿದರೆ, ಬೇರಿನ ತುದಿ ಮಲಗಿದ್ದ ಮಗಳ ಬಲಪಕ್ಕೆಯ ಮೇಲೆ ಕೂತಿತ್ತು. ಸಾವಂತ್ರವ್ವ ಮಗಳನ್ನು ಎತ್ತಿಕೊಂಡು ಕಲ್ಲವ್ವನ ಮನೆಗೆ ಓಡಿ, ಬಳ್ಳಿ ಕೊಯ್ದದ್ದನ್ನು ಒಪ್ಪಿಕೊಂಡಳು.

"ಯಾವ ರೋಗ ಹೇಳಿದ್ದಿ?" ಕೇಳಿದಳು ಕಲ್ಲವ್ವ.

"ರೋಗ ಇರಲಿಲ್ಲರಿ ಆಯಿ. ಬರೇ ಹೆಸರು ಹೇಳಿದೆ."

"ನೀ ಹೇಳದ ರೋಗಾನ ಅದು ತಾನ ಹುಡುಕಿ ತಂದೈತಿ. ಮೊದಲು ಕಷಾಯ ನಿಲ್ಲಸು. ಬಳ್ಳೀನ ಒಯ್ದು ಮರದ ಬುಡಕ್ಕ ಹೂಳಿ, ಖರೇ ಹೇಳಿ ಬಾ."

ಬೇವಿನ ಮರದ ಕೆಳಗೆ ಗಾಳಿಯೇ ಇರಲಿಲ್ಲ. ಆದರೂ ಬಳ್ಳಿಯಿಂದ ಇಳಿಬಿದ್ದ ಬೇರುಗಳೆಲ್ಲ ಅಲುಗುತ್ತಿದ್ದವು. ಸಾವಂತ್ರವ್ವ ಬಳ್ಳಿ ಹೂಳಿದಳು.

"ನನ್ನ ಮಗಳಿಗೆ ಏನೂ ಆಗಿರಲಿಲ್ಲ ತಾಯಿ. ರೋಗ ನಂದು. ಅದರ ಹೆಸರು ಅಂಜಿಕಿ."

ಬೇರುಗಳು ಅಲುಗುವುದನ್ನು ನಿಲ್ಲಿಸಿದವು.

ನೀಲವ್ವ ನಿಧಾನವಾಗಿ ಚೇತರಿಸಿಕೊಂಡಳು. ಅವಳು ತಾನಾಗಿ ರೊಟ್ಟಿ ಕೇಳಿದ ದಿನ ತಾಯಿ ಅತ್ತೇಬಿಟ್ಟಳು. ಆದರೆ ಇಂದಿಗೂ ಸಾವಂತ್ರವ್ವ ಆ ಮರದ ಹತ್ತಿರ ಹಾದುಹೋದರೆ, ಒಂದು ಬೇರು ಮೆಲ್ಲಗೆ ಅವಳ ಕಡೆಗೆ ತಿರುಗುತ್ತದೆ. "ಇವತ್ತು ಯಾರಿಗೂ ಏನೂ ಇಲ್ಲ" ಎಂದು ಹೇಳಿ ಅವಳು ಮುಂದೆ ನಡೆಯುತ್ತಾಳೆ. ಮಗಳ ಹೆಸರನ್ನು ಮಾತ್ರ ಅಲ್ಲಿ ಎತ್ತುವುದಿಲ್ಲ.

ನೀತಿ: ರೋಗವಿಲ್ಲದ ಮೈಗೆ ಕೊಟ್ಟ ಮದ್ದೇ ರೋಗವಾದೀತು. ನಮ್ಮ ಅಂಜಿಕೆಗೆ ಮದ್ದನ್ನು ನಾವೇ ಹುಡುಕಿಕೊಳ್ಳಬೇಕು, ಅದನ್ನು ಮಕ್ಕಳಿಗೆ ಕುಡಿಸಬಾರದು.